ಯೂಟಾ, ಅರಿಜೋನಾದ ಕೆಂಪು ಕಣಿವೆಗಳಿಗೆ ಮಕ್ಕಳನ್ನು ಕರ್ಕೊಂಡು ಹೊರಟರೆ

ಅಮೆರಿಕದ ಯೂಟಾ, ಅರಿಜೋನಾ ರಾಜ್ಯಗಳ ಕಣಿವೆಗಳಿಗೆ ಹೊರಡುವಾಗ ಎಲ್ಲರೂ ಮೊದಲು ಪಾರ್ಕುಗಳ ಪಟ್ಟಿ ಹಿಡಿದು ಕೂರುತ್ತಾರೆ. ನಾನು ಹೇಳೋದು, ಮೊದಲು ದಿನದ ಹೊತ್ತನ್ನು ಹಂಚಿಕೊಳ್ಳಿ. ನಡೆಯೋದೆಲ್ಲ ಬೆಳಗ್ಗೆ ಹನ್ನೊಂದರೊಳಗೆ ಮುಗಿಯಬೇಕು. ಬಿಸಿಲು ನೆತ್ತಿಗೆ ಬಂದಾಗ ಎಲ್ಲರೂ ಎ.ಸಿ. ಕಾರಲ್ಲಿ, ಮುಂದಿನ ಊರಿನ ದಾರಿಯಲ್ಲಿ. ಮಕ್ಕಳು ನಿದ್ದೆ ಮಾಡುತ್ತಾರೆ, ದಾರಿಯೂ ಸಾಗುತ್ತದೆ. ಸಂಜೆಗೆ ಒಂದೇ ಒಂದು ವ್ಯೂಪಾಯಿಂಟ್ ಇಟ್ಟುಕೊಳ್ಳಿ, ಸಾಕು. ಕತ್ತಲಾದ ಮೇಲೆ ಗಾಡಿ ಓಡಿಸೋದು ಬೇಡ, ಜಿಂಕೆಗಳು ರಸ್ತೆಗೆ ನುಗ್ಗುತ್ತವೆ.

ಒಂದು ವಾರ ರಜೆ ಇದ್ದರೆ ಲಾಸ್ ವೇಗಸ್‌ನಿಂದ ಝಯಾನ್, ಬ್ರೈಸ್ ಪಾರ್ಕುಗಳು, ಪೇಜ್ ಊರು, ಗ್ರ್ಯಾಂಡ್ ಕ್ಯಾನಿಯನ್‌ನ ಸೌತ್ ರಿಮ್ (ದಕ್ಷಿಣದ ಅಂಚು), ಮತ್ತೆ ವೇಗಸ್. ಆರ್ಚಸ್ ಪಾರ್ಕ್ ಇನ್ನೊಂದು ಸಲಕ್ಕಿರಲಿ. ಸಣ್ಣ ಮಕ್ಕಳಿದ್ದರೆ ಮೇ ತಿಂಗಳು ಅಥವಾ ಅಕ್ಟೋಬರ್ ಒಳ್ಳೆಯದು. ಅಮೆರಿಕದಲ್ಲೇ ಇರುವವರಿಗೆ ಎಲ್ಲ ನ್ಯಾಷನಲ್ ಪಾರ್ಕುಗಳಿಗೂ ಆಗುವ ವರ್ಷದ ಪಾಸ್ 80 ಡಾಲರ್. ಅಲ್ಲಿ ನಾಲ್ಕನೇ ಕ್ಲಾಸ್ ಓದುವ ಮಗು ಮನೆಯಲ್ಲಿದ್ದರೆ ಆ ವರ್ಷದ ಪಾಸ್ ಪುಕ್ಕಟೆ ಸಿಗುತ್ತದೆ, ಬಿಡಬೇಡಿ.

ನೀರಿನ ವಿಷಯದಲ್ಲಿ ನಾನು ಹಟ ಮಾಡುತ್ತೇನೆ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಾಕಿ ಡಿಕ್ಕಿಯಲ್ಲಿ ಇಡಿ. ಬರೀ ನೀರು ಕುಡಿಯುತ್ತಾ ಹೋದರೂ ತೊಂದರೆ, ಮೈಯಲ್ಲಿ ಉಪ್ಪಿನಂಶ ಇಳಿದುಹೋಗುತ್ತದೆ. ಹಾಗಾಗಿ ಉಪ್ಪು ಹಾಕಿದ ಕಡಲೆಕಾಯಿ ಬೀಜವೋ ಬಿಸ್ಕೆಟ್ಟೋ ಕೈಗೆ ಸಿಗುವ ಹಾಗಿರಲಿ. ಗಾಳಿ ಒಣ, ಬೆವರು ಕಾಣಿಸೋದೇ ಇಲ್ಲ. ಮಗು ಆಟ ನಿಲ್ಲಿಸಿ ಸಪ್ಪಗಾಯಿತು ಅಂದರೆ ತಕ್ಷಣ ನೆರಳಿಗೆ ಕರ್ಕೊಂಡು ಹೋಗಿ.

ಝಯಾನ್‌ನಲ್ಲಿ ವರ್ಷದ ಬಹುಪಾಲು ಕಣಿವೆಯೊಳಗೆ ಸ್ವಂತ ಕಾರು ಬಿಡಲ್ಲ, ಉಚಿತ ಬಸ್ಸಲ್ಲೇ ಹೋಗಬೇಕು. ಪಾರ್ಕಿಂಗ್ ಬೆಳಗ್ಗೆ ಬೇಗನೆ ತುಂಬುತ್ತದೆ. ಬಸ್ಸಿನ ಕೊನೆ ಸ್ಟಾಪಿನಿಂದ ಶುರುವಾಗುವ ರಿವರ್‌ಸೈಡ್ ವಾಕ್ ಮನೆಮಂದಿಗೆಲ್ಲ ಆಗುವ ದಾರಿ. ಹೋಗಿಬರೋಕೆ ಸುಮಾರು ಮೂರೂವರೆ ಕಿಲೋಮೀಟರ್. ಮಂಡಿ ನೋವಿದ್ದ ನಮ್ಮತ್ತೆಯೂ ಕೊನೆವರೆಗೆ ನಡೆದರು. ಬಂಡೆಯ ಸಂದಿನಿಂದ ನೀರು ಜಿನುಗುವ ಕಡೆ ಜರೀಗಿಡ ಬೆಳೆದಿರುತ್ತವೆ. ಮಗಳು ಅಲ್ಲಿ ಅಂಗೈ ಒಡ್ಡಿ ಹನಿ ಹಿಡಿಯುತ್ತಾ ನಿಂತುಬಿಟ್ಟಳು, ಹೊರಡಿಸೋದೇ ಕಷ್ಟವಾಯಿತು.

ದಾರಿ ಮುಗಿದಲ್ಲಿ ದ ನ್ಯಾರೋಸ್ ಶುರು. ಅಲ್ಲಿ ನದಿಯೇ ದಾರಿ. ಇಳಿಯುವ ಮುನ್ನ ಆ ದಿನದ ಪ್ರವಾಹದ ಮುನ್ಸೂಚನೆ ನೋಡಲೇಬೇಕು. ನಿಮ್ಮ ತಲೆ ಮೇಲೆ ನೀಲಿ ಆಕಾಶ ಇರಬಹುದು, ಮಳೆ ಎಲ್ಲೋ ಮೈಲಿಗಟ್ಟಲೆ ದೂರ ಬಿದ್ದಿರುತ್ತದೆ. ಬರೀ ಬಂಡೆ, ನೀರು ಇಂಗೋಕೆ ಜಾಗವೇ ಇಲ್ಲ, ಎಲ್ಲವೂ ಕಣಿವೆಗೇ ಬರುತ್ತದೆ. ತಿಳಿಯಾಗಿದ್ದ ನೀರು ಕೆಂಪಾಯಿತು, ಕಡ್ಡಿಕಸ ತೇಲಿಬಂತು, ಮೇಲಿಂದ ಮೊರೆತ ಕೇಳಿಸಿತು ಅಂದರೆ ಒಂದು ಕ್ಷಣವೂ ಯೋಚಿಸದೆ ಎತ್ತರದ ಜಾಗಕ್ಕೆ ಹತ್ತಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಈ ಅಪಾಯ ಜಾಸ್ತಿ.

ಬ್ರೈಸ್‌ಗೆ ಸ್ವೆಟರ್ ಬೇಕೇ ಬೇಕು. ಕಣಿವೆಯ ಅಂಚು 2,400 ಮೀಟರಿಗೂ ಎತ್ತರ, ಮೇ ತಿಂಗಳಲ್ಲೂ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರಬಹುದು. ಬ್ರೈಸ್‌ನಲ್ಲಿ ಸಾಲುಸಾಲಾಗಿ ಕಾಣುವ ಕಲ್ಲುಕಂಬಗಳು ಆಗಿರೋದೂ ಆ ಚಳಿಯಿಂದಲೇ. ಬಿರುಕಿಗೆ ಇಳಿದ ನೀರು ರಾತ್ರಿ ಮಂಜುಗಡ್ಡೆಯಾಗಿ ಉಬ್ಬಿ ಬಂಡೆಯನ್ನು ಸೀಳುತ್ತದೆ. ಸನ್‌ರೈಸ್ ಪಾಯಿಂಟಿನಿಂದ ಸನ್‌ಸೆಟ್ ಪಾಯಿಂಟಿಗೆ ಡಾಂಬರು ದಾರಿ ಇದೆ, ಅಜ್ಜಿಯರಿಗೂ ಸಲೀಸು.

ಅಲ್ಲಿಂದ ಪೇಜ್‌ಗೆ ಹೋಗುವಾಗ ಫೋನಿನ ಮ್ಯಾಪ್ ಕಾಟನ್‌ವುಡ್ ಕ್ಯಾನಿಯನ್ ರಸ್ತೆಯನ್ನು ಹತ್ತಿರದ ದಾರಿ ಅಂತ ತೋರಿಸಬಹುದು. ಒಪ್ಪಬೇಡಿ. ಅದು ಮಣ್ಣಿನ ರಸ್ತೆ, ಒಂದು ಮಳೆ ಬಿದ್ದರೆ ಜೇಡಿಮಣ್ಣಲ್ಲಿ ಚಕ್ರ ಹೂತುಹೋಗುತ್ತದೆ, ಸಿಗ್ನಲ್ಲೂ ಸಿಗಲ್ಲ. ಕನಾಬ್ ಊರಿನ ಮೇಲೆ ಹಾದುಹೋಗುವ ಹೆದ್ದಾರಿ 89 ಹಿಡಿಯಿರಿ. ಮ್ಯಾಪನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಕೊಳ್ಳಿ.

ಪೇಜ್ ಹತ್ತಿರದ ಆಂಟಿಲೋಪ್ ಕ್ಯಾನಿಯನ್ ಅನ್ನೋ ಇಕ್ಕಟ್ಟಾದ ಕಣಿವೆ ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನೆಲ. ಗೈಡ್ ಇಲ್ಲದೆ ಒಳಗೆ ಬಿಡಲ್ಲ, ಪಾರ್ಕ್ ಪಾಸ್ ನಡೆಯಲ್ಲ, ಮುಂಚೆಯೇ ಬುಕ್ ಮಾಡಬೇಕು. 1997ರ ಆಗಸ್ಟ್‌ನಲ್ಲಿ ಅಲ್ಲಿ ದಿಢೀರ್ ಪ್ರವಾಹಕ್ಕೆ 11 ಜನ ತೀರಿಹೋದರು. ಮಳೆ ಅಂತ ಗೈಡ್ ರದ್ದು ಮಾಡಿದರೆ ಜಗಳಕ್ಕೆ ಹೋಗಬೇಡಿ. ಇನ್ನೊಂದು ಮಾತು, ಬೇಸಿಗೆಯಲ್ಲಿ ಯೂಟಾದ ಗಡಿಯಾರ ಅರಿಜೋನಾಕ್ಕಿಂತ ಒಂದು ಗಂಟೆ ಮುಂದೆ. ಪೇಜ್ ಅರಿಜೋನಾದ ಸಮಯವನ್ನೇ ಅನುಸರಿಸುತ್ತದೆ, ಅಕ್ಕಪಕ್ಕದ ನವಾಹೋ ನೆಲ ಯೂಟಾದ ಸಮಯವನ್ನು. ಫೋನ್ ಎರಡರ ಮಧ್ಯೆ ಓಲಾಡುತ್ತಿರುತ್ತದೆ. ಟಿಕೆಟ್ ಯಾವ ಸಮಯದ್ದು ಅಂತ ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಎಲ್ಲ ಕಡೆ ಕಂಬಿ ಇರಲ್ಲ, ಸಣ್ಣವರ ಕೈ ಬಿಡಬೇಡಿ. ಇಳಿಯುತ್ತಾ ಹೋದಷ್ಟೂ ಸೆಖೆ ಏರುತ್ತದೆ, ಇಳಿದದ್ದಕ್ಕಿಂತ ಹತ್ತೋಕೆ ಎರಡರಷ್ಟು ಹೊತ್ತು ಬೇಕು. ಮಕ್ಕಳ ಜೊತೆ ಬ್ರೈಟ್ ಏಂಜಲ್ ದಾರಿಯ ಮೊದಲ ಸುರಂಗದವರೆಗೆ ಇಳಿದು ವಾಪಸ್ ಬಂದರೆ ಸಾಕು. ತಲುಪಿದ ಕೂಡಲೇ ವಿಸಿಟರ್ ಸೆಂಟರಿನಲ್ಲಿ ಮಕ್ಕಳು ತುಂಬಿಸುವ ಜೂನಿಯರ್ ರೇಂಜರ್ ಪುಸ್ತಕ ಕೇಳಿ ತಗೊಳ್ಳಿ, ದುಡ್ಡು ಕೊಡಬೇಕಿಲ್ಲ. ತುಂಬಿಸಿ ಕೊಟ್ಟರೆ ರೇಂಜರ್ ಪ್ರತಿಜ್ಞೆ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ಸೆಂಟರ್ ಮುಚ್ಚೋ ಹೊತ್ತನ್ನು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ.