ಮಾಲ ಮೀನಿನ ಹೊಟ್ಟೆಯ ಕರಿ ಪೊರೆ

ಮೊನ್ನೆ ಮೊಮ್ಮಗಳು ಮಾಲ ಮೀನು ತಂದಿದ್ದಳು. ಕೊಂಕಣಿಯವರು ಶೆವ್ಟೊ ಅಂತಾರಲ್ಲ, ಅದೇ. ಚಿಪ್ಪು ಕೆರೆದು, ನಲ್ಲಿ ಕೆಳಗೆ ಹಿಡಿದು ಆಯ್ತು ಅಂದಳು. ಹೊಟ್ಟೆ ತೆರೆದು ನೋಡಿದರೆ ಕರಿ ಪೊರೆ ಹಾಗೇ ಇದೆ! ಕೇಳಿದರೆ, "ಅಜ್ಜಿ, ಅದು ಮೀನಿನದ್ದೇ ಬಣ್ಣ" ಅಂತಾಳೆ. ಬಣ್ಣ ಮೀನಿನದ್ದೇ, ಆದರೆ ಕಹಿ ನಿನ್ನ ಸಾರಿಗೆ ಬರುತ್ತದೆ. ಆಮೇಲೆ ಮೀನು ಮಾರುವವಳಿಗೆ ಬೈಯೋದು ಬೇರೆ.

ಈ ಮೀನಿನ ಊಟ ಏನು ಅಂತ ಗೊತ್ತಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಅದು ಬೇರೆ ಮೀನು ಹಿಡಿದು ತಿನ್ನುವ ಜಾತಿಯಲ್ಲ. ನೀರು ಏರಿದಾಗ ಕೆಸರಿನ ಮೇಲೆ ಬಂದು ಪಾಚಿ, ಕೊಳೆತ ಎಲೆಯ ಚೂರು ಎಲ್ಲ ಹೀರುತ್ತದೆ. ಜೊತೆಗೆ ಮರಳೂ ಒಳಗೆ ಹೋಗುತ್ತದೆ. ಹಲ್ಲು ಹೆಸರಿಗೆ ಮಾತ್ರ. ಕೋಳಿ ಹೊಟ್ಟೆಯಲ್ಲಿ ಗಟ್ಟಿ ಗಂಟು ಇರುತ್ತಲ್ಲ, ಇದಕ್ಕೂ ಅಂಥದ್ದೇ ಒಂದಿದೆ. ಅಲ್ಲಿ ಮರಳೇ ಬೀಸುಕಲ್ಲು. ಕರುಳು ಎಳೆದಷ್ಟೂ ಬರುತ್ತದೆ, ತುಂಬ ಕೆಸರು. ಅದು ಒಡೆದರೆ ಮುಗೀತು.

ಹಾಗಾಗಿ ಮೆಟ್ಟುಗತ್ತಿಯ ಮೇಲೆ ಹೊಟ್ಟೆಯನ್ನು ಮೇಲುಮೇಲಕ್ಕೆ ಮಾತ್ರ ಸೀಳಿ. ಕರುಳನ್ನು ತಲೆ ಕಡೆಯಿಂದ ಹಿಡಿದು ಇಡಿಯಾಗಿ ತೆಗೆಯಿರಿ. ಈಗ ನನ್ನ ಕೆಲಸ ಶುರು. ಒಂದು ಹಿಡಿ ಕಲ್ಲುಪ್ಪು ಒಳಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಪುಡಿ ಉಪ್ಪು ಬೇಡ, ಅದು ಕರಗಿ ಹೋಗುತ್ತದೆ, ಉಜ್ಜುವುದಿಲ್ಲ. ತೆಂಗಿನ ನಾರನ್ನು ಸಣ್ಣ ಉಂಡೆ ಮಾಡಿ, ಬಾಲದ ಕಡೆಯಿಂದ ತಲೆಯ ಕಡೆಗೆ ಒಂದೇ ದಿಕ್ಕಿಗೆ ಉಜ್ಜಿ. ಪೊರೆ ಹರಿದ ಕಾಗದದ ಹಾಗೆ ಸುರುಳಿ ಸುರುಳಿಯಾಗಿ ಏಳುತ್ತದೆ. ಬೆನ್ನೆಲುಬಿಗೆ ಅಂಟಿದ ರಕ್ತದ ಗೆರೆಯನ್ನು ಹೆಬ್ಬೆರಳ ಉಗುರಿನಿಂದ ಕೆರೆಯಿರಿ. ಪಕ್ಕೆಲುಬಿನ ಸಂದಿ ಬಿಡಬೇಡಿ, ಎಲ್ಲರೂ ಸೋಲುವುದು ಅಲ್ಲೇ. ಕೊನೆಗೆ ಮುರುಗಲಿನ (ಕೋಕಮ್) ಹುಳಿ ನೀರಲ್ಲಿ ಎರಡು ಸಲ ಅದ್ದಿ. ಒಳಗೆ ಬಿಳಿ ಕಂಡರೆ ಮಾತ್ರ ತುಂಡು ಮಾಡಿ.

ಸಾರಿಗೆ ಜುಮ್ಮಿನಕಾಯಿ ಹಾಕಿ, ಅದೇ ನಾಲಿಗೆ ಜುಮ್ಮೆನ್ನಿಸುವ ಮಸಾಲೆ ಕಾಯಿ, ಅಷ್ಟೇ. ಉಳಿದದ್ದು ನಿಮಗೆ ಗೊತ್ತು. ಹಾಂ, ಮಣ್ಣಿನ ಗಡಿಗೆಗೆ ಸೋಪು ಹಾಕಿ ತೊಳೆಯಬೇಡಿ. ಗಡಿಗೆ ಸೋಪು ಕುಡಿದು ಮಾರನೇ ದಿನ ಸಾರಿಗೆ ಬಿಡುತ್ತದೆ. ಬೂದಿ ಸಾಕು.

ನಮ್ಮ ಅಪ್ಪನಿಗೆ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ಪಕ್ಕ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ, ಇತ್ತು. ಅಲ್ಲಿ ಬೆಳೆಯುವ ಕಗ್ಗ ಭತ್ತದ ಕೊಯ್ಲು ಮುಗಿದ ಮೇಲೆ ಉಪ್ಪುನೀರು ಒಳಗೆ ಬರುತ್ತಿತ್ತು, ಅದರ ಜೊತೆ ಬೆರಳುದ್ದವೂ ಇಲ್ಲದ ಮರಿಗಳು. ಇವುಗಳ ತಾಯಿ ಮೊಟ್ಟೆ ಇಡುವುದು ಹೊಳೆಯಲ್ಲಲ್ಲ. ದೊಡ್ಡವಾದ ಮೇಲೆ ಗುಂಪು ಕಟ್ಟಿಕೊಂಡು ಕಡಲಿಗೆ ಇಳಿದು ಅಲ್ಲಿ ಲಕ್ಷಗಟ್ಟಲೆ ಮೊಟ್ಟೆ ಹಾಕುತ್ತವೆ. ಮರಿಗಳು ಬೆಳೆಯುವುದಕ್ಕೆ ಅಳಿವೆಗೆ ಬರುತ್ತವೆ. ಇಳಿತದ ರಾತ್ರಿ ಅಪ್ಪ ಗದ್ದೆಯ ನೀರು ಹೊರಹೋಗುವ ಗಂಡಿಯಲ್ಲಿ ಬಲೆ ಕಟ್ಟಿದರೆ ದೊಡ್ಡ ಮಾಲಗಳು ಬಲೆ ಮೇಲಿಂದ ಹಾರಿ ಪರಾರಿ. ಲಾಟೀನು ಹಿಡಿದ ನನ್ನ ಮೇಲೇ ಒಂದು ಬಿದ್ದಿತ್ತು!

ಕಡಲಿಗೆ ಹೊರಟ ಮೀನಿಗೆ ಕೊಬ್ಬು ಜಾಸ್ತಿ, ಹೊಟ್ಟೆ ತುಂಬ ಮೊಟ್ಟೆ. ಅದು ಸಿಕ್ಕರೆ ನಾರನ್ನು ದೂರ ಇಡಿ. ಮೊಟ್ಟೆಯ ಎರಡು ಚೀಲ ಮೊದಲು ಬೆರಳಿಂದ ಬಿಡಿಸಿ ಬಟ್ಟಲಲ್ಲಿಡಿ. ಜಪಾನಿನವರು ಇದನ್ನೇ ಉಪ್ಪು ಹಾಕಿ ಒಣಗಿಸಿ ದುಬಾರಿಗೆ ಮಾರುತ್ತಾರೆ. ಮೊಮ್ಮಗಳು ಅದನ್ನು ಕರುಳಿನ ಜೊತೆ ಬೆಕ್ಕಿಗೆ ಹಾಕಿದ್ದಳು.