ಲೀವ್ ಹಾಕಿದ ಮೇಲೂ ಆಫೀಸ್ ಬೆನ್ನು ಬಿಡ್ತಿಲ್ವಾ? ಹೀಗೆ ಮಾಡಿ

ದೀಪಾವಳಿಗೆ ಊರಿಗೆ ಬಂದ ಐಟಿಯವರನ್ನು ನೋಡಿರ್ತೀರಿ. ನೀರು ತುಂಬುವ ಹಬ್ಬದ ರಾತ್ರಿ ಮನೆಯವರೆಲ್ಲ ಹಂಡೆ ತೊಳೆದು ನೀರು ತುಂಬುತ್ತಿದ್ದರೆ, ಇವರು ಜಗಲಿ ಮೇಲೆ ಲ್ಯಾಪ್‌ಟಾಪ್ ತೆಗೆದು "ಒಂದೇ ನಿಮಿಷ ಅಮ್ಮಾ" ಅನ್ನುತ್ತಾ ಕೂತಿರುತ್ತಾರೆ. ಅಮೆರಿಕದ ಕ್ಲೈಂಟ್‌ಗೆ ನಮ್ಮ ಹಬ್ಬ ಗೊತ್ತಿರುವುದಿಲ್ಲ. ನಮಗೆ ರಾತ್ರಿ ಎಂಟಾದರೆ ನ್ಯೂಯಾರ್ಕ್‌ನಲ್ಲಿ ಬೆಳಗ್ಗೆ ಹತ್ತರ ಆಸುಪಾಸು, ಅವರಿಗೆ ಆಗ ತಾನೇ ಕೆಲಸ ಶುರು.

ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದು. ಏನು ಮಾಡುವುದಿದ್ದರೂ ಹೊರಡುವ ಹಿಂದಿನ ವಾರವೇ ಮಾಡಬೇಕು.

ಮೊದಲು ಹ್ಯಾಂಡೋವರ್, ಅಂದರೆ ನಿಮ್ಮ ಕೆಲಸ ಇನ್ನೊಬ್ಬರಿಗೆ ಒಪ್ಪಿಸುವುದು. ಎಲ್ಲರೂ ಒಂದು ಮೇಲ್ ಬರೆದು ಮುಗಿಸುತ್ತಾರೆ, ಆಮೇಲೆ ಮೂರನೇ ದಿನ "ಆ ಫೋಲ್ಡರ್ ಓಪನ್ ಆಗ್ತಿಲ್ಲ" ಅಂತ ಫೋನ್ ಬರುತ್ತದೆ. ಹಾಗಾಗಿ ನಿಮ್ಮ ಕೆಲಸ ನೋಡಿಕೊಳ್ಳುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ಲಾಗಿನ್‌ನಲ್ಲೇ, ಅವರ ಕೈಯಿಂದಲೇ ಒಂದು ಸಲ ಪೂರ್ತಿ ಕೆಲಸ ಮಾಡಿಸಿ. ಯಾವ ಆಕ್ಸೆಸ್ ಇಲ್ಲ, ಯಾವ ಅಪ್ರೂವಲ್ ನಿಮ್ಮ ಹೆಸರಿಗೇ ಹೋಗುತ್ತದೆ ಅನ್ನುವುದೆಲ್ಲ ಆಗಲೇ ಗೊತ್ತಾಗುತ್ತದೆ. ಹೊರಡುವ ದಿನ ಸಂಜೆ ಇದನ್ನು ಮಾಡಬೇಡಿ, ಐಟಿ ಸಪೋರ್ಟ್‌ನವರು ಆಕ್ಸೆಸ್ ಕೊಡೋಕೆ ಎರಡು ದಿನವಾದರೂ ಬೇಕು.

ಇನ್ನು ಆಟೋ ರಿಪ್ಲೈ. "ಅರ್ಜೆಂಟ್ ಇದ್ದರೆ ಕಾಲ್ ಮಾಡಿ" ಅಂತ ನಿಮ್ಮ ನಂಬರ್ ಹಾಕಿದರೆ ಎಲ್ಲರ ಕೆಲಸವೂ ಅರ್ಜೆಂಟೇ. ಇಷ್ಟು ಬರೆದರೆ ಸಾಕು: "ಸೋಮವಾರದವರೆಗೆ ರಜೆಯಲ್ಲಿದ್ದೇನೆ, ಮೇಲ್ ನೋಡುವುದಿಲ್ಲ. ಈ ಕೆಲಸಕ್ಕೆ ಇಂಥವರನ್ನು ಕೇಳಿ." ಔಟ್‌ಲುಕ್‌ನಲ್ಲಿ ಕಂಪನಿಯೊಳಗಿನವರಿಗೆ ಒಂದು, ಹೊರಗಿನವರಿಗೆ ಇನ್ನೊಂದು ಉತ್ತರ ಇಡಬಹುದು. ಕ್ಲೈಂಟ್‌ಗೆ ಹೋಗುವುದರಲ್ಲಿ ಊರು, ಹಬ್ಬ, ಟ್ರಿಪ್ ಏನೂ ಬೇಡ.

ಫೋನ್ ವಿಷಯಕ್ಕೆ ಸ್ವಲ್ಪ ಟೈಮ್ ಕೊಡಿ. ಆಂಡ್ರಾಯ್ಡ್‌ನಲ್ಲಿ ಕಂಪನಿ ವರ್ಕ್ ಪ್ರೊಫೈಲ್ (ಆಫೀಸ್ ಆ್ಯಪ್‌ಗಳನ್ನು ಬೇರೆಯಾಗಿ ಇಡುವ ವ್ಯವಸ್ಥೆ) ಹಾಕಿದ್ದರೆ ಕೆಲಸ ಸುಲಭ, ಅದನ್ನು ಪಾಜ್ ಮಾಡಿದರೆ ಬ್ರೀಫ್‌ಕೇಸ್ ಗುರುತಿನ ಆ್ಯಪ್‌ಗಳೆಲ್ಲ ಒಟ್ಟಿಗೆ ಮಲಗುತ್ತವೆ. ಇಲ್ಲದಿದ್ದರೆ ಆಫೀಸ್ ಮೇಲ್ ಅಕೌಂಟಿನ ಸಿಂಕ್ ಆಫ್ ಮಾಡಿ, ಟೀಮ್ಸ್, ಸ್ಲ್ಯಾಕ್‌ನಂಥ ಆಫೀಸ್ ಚಾಟ್ ಆ್ಯಪ್‌ಗಳ ನೋಟಿಫಿಕೇಶನ್ ನಿಲ್ಲಿಸಿ. ದೊಡ್ಡ ತಲೆನೋವು ವಾಟ್ಸಾಪ್, ಯಾಕಂದ್ರೆ ಮನೆ ಗ್ರೂಪೂ ಅಲ್ಲೇ, ಟೀಮ್ ಗ್ರೂಪೂ ಅಲ್ಲೇ. ಟೀಮ್ ಗ್ರೂಪನ್ನು ಎಂಟು ಗಂಟೆ ಕಾಲ ಮ್ಯೂಟ್ ಮಾಡಿ ಪ್ರಯೋಜನವಿಲ್ಲ, ಒಂದು ವಾರಕ್ಕೆ ಮಾಡಿ, ಆಮೇಲೆ ಆರ್ಕೈವ್‌ಗೂ ತಳ್ಳಿ. ಆದರೂ ಯಾರಾದರೂ ನಿಮ್ಮ ಹೆಸರು ಟ್ಯಾಗ್ ಮಾಡಿದರೆ ಮೊಬೈಲ್ ಸದ್ದು ಮಾಡಬಹುದು, ಟ್ಯಾಗ್ ಮಾಡಬೇಡಿ ಅಂತ ಮೊದಲೇ ಗ್ರೂಪಲ್ಲಿ ಹೇಳಿಬಿಡಿ.

ನಿಜವಾಗಿ ಬೆಂಕಿ ಬಿದ್ದರೆ? ಅದಕ್ಕೆ ಒಬ್ಬರೇ ಸಾಕು, ಮ್ಯಾನೇಜರೋ ಕವರ್ ಮಾಡುವವರೋ. ಮೆಸೇಜ್ ಬೇಡ, ಕಾಲ್ ಮಾತ್ರ ಅಂತ ಅವರಿಗೆ ಹೇಳಿ. ಡು ನಾಟ್ ಡಿಸ್ಟರ್ಬ್ ಹಾಕಿ ಮನೆಯವರ ಜೊತೆ ಆ ಒಂದು ನಂಬರಿಗೆ ಮಾತ್ರ ದಾರಿ ಬಿಡಿ. ಒಂದು ಸೆಟ್ಟಿಂಗ್ ನೋಡಿಕೊಳ್ಳಿ, ಆಂಡ್ರಾಯ್ಡ್‌ನಲ್ಲಿ ರಿಪೀಟ್ ಕಾಲರ್ಸ್ ಆನ್ ಇದ್ದರೆ 15 ನಿಮಿಷದೊಳಗೆ ಎರಡನೇ ಸಲ ಮಾಡಿದವರ ಕಾಲ್ ರಿಂಗ್ ಆಗುತ್ತದೆ. ಬಿಡದೆ ಕಾಲ್ ಮಾಡುವ ಜನ ನಿಮ್ಮ ಟೀಮಲ್ಲೂ ಇರ್ತಾರಲ್ವಾ.

ಕೆಲವರು ನೆಟ್‌ವರ್ಕ್ ಸಿಗದ ಹೋಮ್‌ಸ್ಟೇ ಹುಡುಕಿಕೊಂಡು ಮಲೆನಾಡಿಗೆ ಹೋಗುತ್ತಾರೆ. ಜಾಗ ಚೆನ್ನಾಗಿರುತ್ತದೆ, ಆದರೆ ಹ್ಯಾಂಡೋವರ್ ಸರಿ ಇಲ್ಲದಿದ್ದರೆ ಸಿಗ್ನಲ್ ಹುಡುಕುತ್ತಾ ಗುಡ್ಡ ಹತ್ತುವುದೇ ಅವರ ಟ್ರೆಕ್ಕಿಂಗ್. ಲ್ಯಾಪ್‌ಟಾಪ್ ಅಂತೂ "ಇರಲಿ" ಅಂತ ತಗೊಂಡು ಹೋಗಬೇಡಿ. ಜೊತೆಗಿದ್ದರೆ ತೆಗೆದೇ ತೆಗೆಯುತ್ತೀರಿ.

ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಕಾಲ್, ಮೇಲ್‌ನಿಂದ ದೂರ ಇರುವ ಹಕ್ಕಿಗೆ ಕಾನೂನೇ ಇದೆ. ನಮಗೆ ಸದ್ಯಕ್ಕೆ ಮ್ಯೂಟ್ ಬಟನ್ನೇ ಗತಿ.

ವಾಪಸ್ ಬರುವ ದಿನದ್ದೂ ಹೋಗುವ ಮೊದಲೇ ನೋಡಿಕೊಳ್ಳಿ. ಆವತ್ತು ಮಧ್ಯಾಹ್ನದವರೆಗೆ ಕ್ಯಾಲೆಂಡರ್ ಬ್ಲಾಕ್ ಮಾಡಿಡಿ. ಬಂದ ಕೂಡಲೇ ಮೇಲ್ ತೆಗೆಯದೆ, ಕವರ್ ಮಾಡಿದವರ ಜೊತೆ ಕಾಫಿಗೆ ಹೋಗಿ ಏನೇನಾಯ್ತು ಕೇಳಿ. ಆಮೇಲೆ ಮೇಲ್‌ಗಳನ್ನು ಹೊಸದರಿಂದ ಹಳೆಯದಕ್ಕೆ ಓದುತ್ತಾ ಹೋಗಿ, ಹಳೆಯ ಗಲಾಟೆಗಳಲ್ಲಿ ಎಷ್ಟೋ ಆಗಲೇ ಬಗೆಹರಿದಿರುತ್ತವೆ. ಹಾಂ, ಆಟೋ ರಿಪ್ಲೈ ಆಫ್ ಆಗಿದೆಯಾ ಒಂದ್ಸಲ ನೋಡಿ.