ನೀರಿನ ಜಾಡು ಹಿಡಿದು ಮ್ಯಾಲಮ್ ನೋಡುವುದು ಹೇಗೆ

ಇಂಗ್ಲೆಂಡಿನ ಉತ್ತರದಲ್ಲಿರುವ ಯಾರ್ಕ್‌ಶೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದ ಮ್ಯಾಲಮ್ ಎಂಬ ಸಣ್ಣ ಹಳ್ಳಿಗೆ ಬರುವವರಲ್ಲಿ ಬಹಳ ಮಂದಿ ವಾಹನ ನಿಲ್ಲಿಸಿದ ಕೂಡಲೇ ಮ್ಯಾಲಮ್ ಕೋವ್ ಎಂಬ ಬಂಡೆಗೋಡೆಯ ಬುಡಕ್ಕೆ ನಡೆದು, ಫೋಟೋ ತೆಗೆದು, ಚಹಾ ಕುಡಿದು ಹೊರಟುಬಿಡುತ್ತಾರೆ. ಆ ಬಂಡೆ ಅಷ್ಟು ದೂರದಿಂದ ನೋಡಿಬರಲು ಯೋಗ್ಯವಾದುದೇ ಹೌದು. ಆದರೆ ಅದೊಂದನ್ನೇ ನೋಡಿದವರಿಗೆ ಈ ಸೀಮೆಯ ಗೋಡೆಗಳು, ಹೊಲಗಳು, ಊರಿನ ನೆಲೆ ಇವೆಲ್ಲ ಹೀಗೇಕೆ ಇವೆ ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ಮಾಯವಾಗುತ್ತದೆ, ಎಲ್ಲಿ ಮತ್ತೆ ಮೇಲೇಳುತ್ತದೆ ಎಂಬುದನ್ನು ಗಮನಿಸುತ್ತ ನಡೆಯಬೇಕು. ಸುಮಾರು 8 ಕಿಲೋಮೀಟರ್‌ನ ಒಂದು ಸುತ್ತು ಇದಕ್ಕೆ ಸಾಕು, ಆದರೆ ಇಡೀ ದಿನವನ್ನು ಅದಕ್ಕಾಗಿ ಎತ್ತಿಡಿ.

ಲೀಡ್ಸ್ ನಗರದಿಂದ ಸ್ಕಿಪ್ಟನ್‌ಗೆ ರೈಲಿದೆ, ಅಲ್ಲಿಂದ ಮ್ಯಾಲಮ್ ರಸ್ತೆಯಲ್ಲಿ ಸುಮಾರು 18 ಕಿಲೋಮೀಟರ್. ಬಸ್ಸುಗಳು ವಿರಳವಾದ್ದರಿಂದ ಹಿಂದಿರುಗುವ ಬಸ್ಸಿನ ವೇಳೆಯನ್ನು ಮೊದಲೇ ನೋಡಿಕೊಂಡಿರಬೇಕು. ಒದ್ದೆಯಾದ ಸುಣ್ಣಕಲ್ಲು ಬಹಳ ಜಾರುವುದರಿಂದ ಹಿಡಿತವಿರುವ ಬೂಟು ಬೇಕೇ ಬೇಕು.

ಹೊರಡುವ ಮುನ್ನ ಆರ್ಡನೆನ್ಸ್ ಸರ್ವೆ ಸಂಸ್ಥೆಯ ಎಕ್ಸ್‌ಪ್ಲೋರರ್ ಸರಣಿಯ ಓಎಲ್ 2 ಎಂಬ ನಕ್ಷೆಯನ್ನು ಕೊಂಡುಕೊಳ್ಳಿ. 1:25,000 ಪ್ರಮಾಣದ ಈ ನಕ್ಷೆಯಲ್ಲಿ ಪ್ರತಿಯೊಂದು ಹೊಲದ ಗೋಡೆಯೂ ಗುರುತಾಗಿದೆ. ಹಸಿರು ಬಣ್ಣದ ಗಿಡ್ಡ ತುಂಡುಗೆರೆಗಳು ಸಾರ್ವಜನಿಕ ಕಾಲುದಾರಿಗಳು. ಖಾಸಗಿ ಹೊಲದ ನಡುವೆ ಹೋದರೂ ಅಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ತೆಳು ಹಳದಿ ಬಣ್ಣ ಬಳಿದ ಗುಡ್ಡಗಾಡಿನಲ್ಲಿ, 2000ದ ಕಾಯಿದೆಯ ಪ್ರಕಾರ, ದಾರಿ ಬಿಟ್ಟೂ ಓಡಾಡಬಹುದು. ಮನೆಯಲ್ಲಿ ಕುಳಿತಾಗಲೇ ನೀಲಿ ಗೆರೆಗಳ ಮೇಲೆ ಬೆರಳಾಡಿಸಿ ನೋಡಿ: ಹಳ್ಳಿಯ ಉತ್ತರಕ್ಕಿರುವ ಮ್ಯಾಲಮ್ ಟಾರ್ನ್ ಎಂಬ ಸರೋವರದಿಂದ ಹೊರಟ ತೊರೆಯೊಂದು ಅರ್ಧ ಕಿಲೋಮೀಟರಿನಷ್ಟು ಹರಿದು ಏಕಾಏಕಿ ನಿಂತುಹೋಗುತ್ತದೆ. ಆ ನೀರು ಎಲ್ಲಿ ಹೋಯಿತು ಎಂಬ ಪ್ರಶ್ನೆಯನ್ನು ದಿನವಿಡೀ ಮನಸ್ಸಿನಲ್ಲಿಟ್ಟುಕೊಳ್ಳಿ.

ಹೆಸರುಗಳನ್ನೂ ನಕ್ಷೆಯಲ್ಲಿ ಓದಬೇಕು. ಹಳ್ಳಕ್ಕೆ ಬೆಕ್, ಜಲಪಾತಕ್ಕೆ ಫಾಸ್, ಬೆಟ್ಟದ ಕೆರೆಗೆ ಟಾರ್ನ್, ಬೋಳು ಬಂಡೆಗೆ ಸ್ಕಾರ್ ಎನ್ನುವ ಈ ಪದಗಳು ದಕ್ಷಿಣ ಇಂಗ್ಲೆಂಡಿನ ಹೆಸರುಗಳಲ್ಲಿ ಇಷ್ಟಾಗಿ ಕಾಣುವುದಿಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯಾ ಮೂಲದ ಕುರಿಗಾಹಿಗಳ ನುಡಿ ಹೀಗೆ ನೆಲದ ಮೇಲೆಯೇ ಉಳಿದುಕೊಂಡಿದೆ. ಸೀಮೆಯ ಚರ್ಚು ಇರುವ ಪಕ್ಕದ ಊರಿನ ಹೆಸರು ಕರ್ಬಿ ಮ್ಯಾಲಮ್. ಕರ್ಬಿ ಎಂದರೆ ಅವರ ನುಡಿಯಲ್ಲಿ ಚರ್ಚಿನ ಊರು.

ಈಗ ನಡಿಗೆ. ಹೆಚ್ಚಿನವರು ಹೋಗುವ ದಿಕ್ಕಿಗೆ ವಿರುದ್ಧವಾಗಿ ಪೂರ್ವಕ್ಕೆ ಹೊರಟು, ಕೋವ್ ಅನ್ನು ಸಂಜೆಗೆ ಉಳಿಸಿಕೊಳ್ಳಬೇಕೆಂಬುದು ನನ್ನ ಬಲವಾದ ಸಲಹೆ. ಕಾರಣ ಮುಂದೆ ಹೇಳುತ್ತೇನೆ. ಹೊಲಗಳ ನಡುವೆ ಸಾಗುವಾಗ ಗೋಡೆಗಳಲ್ಲಿ ತಡಮೆಗಳು, ಅಂದರೆ ಮನುಷ್ಯರು ದಾಟಬಲ್ಲ, ಕುರಿ ದಾಟಲಾರದ ಕಲ್ಲಿನ ಮೆಟ್ಟಿಲುಗಳು ಸಿಗುತ್ತವೆ. ಗೇಟುಗಳಿದ್ದರೆ ಅವು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ ಬಿಡಬೇಕು. ವಸಂತದಲ್ಲಿ ಮರಿ ಹಾಕಿದ ಕುರಿಗಳಿಂದ ದೂರವಿರಿ.

ಸುಮಾರು 2 ಕಿಲೋಮೀಟರಿನ ನಂತರ ಮರಗಳ ನೆರಳಿನಲ್ಲಿ ಜಾನೆಟ್ಸ್ ಫಾಸ್ ಎಂಬ ಚಿಕ್ಕ ಜಲಪಾತ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಾಡುಬೆಳ್ಳುಳ್ಳಿಯ ಬಿಳಿ ಹೂವುಗಳ ವಾಸನೆ ಜಲಪಾತಕ್ಕಿಂತ ಮೊದಲೇ ನಿಮ್ಮನ್ನು ಮುಟ್ಟುತ್ತದೆ. ಇಲ್ಲಿ ನೀರು ಬೀಳುವ ಬಂಡೆಯನ್ನು ಹತ್ತಿರದಿಂದ ನೋಡಿ. ಅದು ಪಾಚಿಯ ಮೇಲೆ ಪದರ ಪದರವಾಗಿ ಕಟ್ಟಿಕೊಂಡ ಸುಣ್ಣ. ಮೇಲಿನ ಗುಡ್ಡದಲ್ಲಿ ನೀರು ಕರಗಿಸಿಕೊಂಡು ಬಂದ ಕಲ್ಲನ್ನೇ ಇಲ್ಲಿ ಮರಳಿ ಇಳಿಸುತ್ತಿದೆ. ಕೆಳಗಿನ ಮಡುವಿನಲ್ಲಿ ಹಿಂದೆ ರೈತರು ಉಣ್ಣೆ ಕತ್ತರಿಸುವ ಮುನ್ನ ಕುರಿಗಳನ್ನು ತೊಳೆಯುತ್ತಿದ್ದರು. ಯಕ್ಷಿಣಿಯರ ರಾಣಿ ಜಾನೆಟ್ ಜಲಪಾತದ ಹಿಂದಿನ ಗುಹೆಯಲ್ಲಿದ್ದಾಳೆಂದು ಊರಿನವರ ಹೇಳಿಕೆ.

ಅಲ್ಲಿಂದ ರಸ್ತೆಗೆ ಹತ್ತಿ ಸ್ವಲ್ಪ ಮುಂದೆ ಹೋದರೆ ಗೋರ್ಡೇಲ್ ಸ್ಕಾರ್. ಕಣಿವೆ ಒಂದು ತಿರುವಿನವರೆಗೂ ಏನನ್ನೂ ಬಿಟ್ಟುಕೊಡುವುದಿಲ್ಲ; ತಿರುಗಿದೊಡನೆ ಎರಡೂ ಬದಿಯ ಸುಣ್ಣಕಲ್ಲಿನ ಗೋಡೆಗಳು ತಲೆಯ ಮೇಲೆ ಬಾಗಿ ನಿಂತಿರುತ್ತವೆ. ಜೇಮ್ಸ್ ವಾರ್ಡ್ ಎಂಬ ಕಲಾವಿದ 1810ರ ದಶಕದಲ್ಲಿ ಇದನ್ನು 4 ಮೀಟರ್‌ಗೂ ಅಗಲವಾದ ಚಿತ್ರಪಟದ ಮೇಲೆ ಬರೆದ. ಆ ಚಿತ್ರ ಇಂದು ಲಂಡನ್ನಿನ ಟೇಟ್ ಬ್ರಿಟನ್‌ನಲ್ಲಿದೆ. ಜಲಪಾತದ ಪಕ್ಕದಿಂದ ಮೇಲಕ್ಕೆ ಹತ್ತುವ ದಾರಿಯೊಂದು ನಕ್ಷೆಯಲ್ಲಿದ್ದರೂ ಅದಕ್ಕೆ ಕೈಗಳನ್ನೂ ಬಳಸಬೇಕಾಗುತ್ತದೆ. ಮಕ್ಕಳಿದ್ದರೆ, ಮಳೆ ಬಂದಿದ್ದರೆ, ಅಥವಾ ಬಂಡೆ ಹತ್ತಿ ಅಭ್ಯಾಸವಿಲ್ಲದಿದ್ದರೆ ಅದನ್ನು ಬಿಟ್ಟು, ರಸ್ತೆಗೆ ಹಿಂದಿರುಗಿ, ಹುಲ್ಲುಗಾವಲುಗಳ ಮೇಲಿನ ಕಾಲುದಾರಿಯಿಂದ ಕೋವ್‌ನ ನೆತ್ತಿಯ ಕಡೆಗೆ ಸಾಗಿರಿ.

ಗೋಡೆಗಳನ್ನು ಓದಲು ಈ ದಾರಿಯೇ ಸರಿಯಾದ ಸ್ಥಳ, ಇಲ್ಲಿ ಅವಸರ ಬೇಡ. ಡೇಲ್ಸ್‌ನಲ್ಲಿ 8,000 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಕಲ್ಲುಗೋಡೆಗಳಿವೆ, ಒಂದಕ್ಕೂ ಗಾರೆಯಿಲ್ಲ. ಕುಸಿದಿರುವ ಜಾಗವೊಂದನ್ನು ಹುಡುಕಿ ಅಲ್ಲಿ ಗೋಡೆಯ ಒಳಗನ್ನು ನೋಡಿ. ನಿಜವಾಗಿ ಅಲ್ಲಿರುವುದು ಒಂದಕ್ಕೊಂದು ಒರಗಿದ ಎರಡು ಗೋಡೆಗಳು. ನಡುವೆ ಸಣ್ಣ ಚೂರುಗಲ್ಲುಗಳನ್ನು ತುಂಬಿ, ಎರಡೂ ಮುಖಗಳನ್ನು ಹಿಡಿದಿಡಲು ಅಡ್ಡಲಾಗಿ ಉದ್ದಗಲ್ಲುಗಳನ್ನು ಹಾಸಿ, ನೆತ್ತಿಯ ಮೇಲೆ ಭಾರದ ಕಲ್ಲು ಹೇರಿರುತ್ತಾರೆ. ಬುಡ ಅಗಲ, ತುದಿ ಕಿರಿದು. ಇನ್ನು ವಯಸ್ಸು ತಿಳಿಯುವ ಬಗೆ: ಹಳ್ಳಿಯ ಹತ್ತಿರ ಡೊಂಕುಡೊಂಕಾಗಿ, ಬುಡದಲ್ಲಿ ದೊಡ್ಡ ಗುಂಡುಗಳಿರುವ, ಸಣ್ಣ ಹೊಲಗಳನ್ನು ಸುತ್ತುವ ಗೋಡೆಗಳು ಸಾಮಾನ್ಯವಾಗಿ ಹಳೆಯವು. ಗುಡ್ಡವನ್ನು ಲೆಕ್ಕಿಸದೆ ದಾರ ಹಿಡಿದಂತೆ ನೇರವಾಗಿ ಏರುವ ಗೋಡೆಗಳು 18ನೆಯ ಶತಮಾನದ ಕೊನೆ ಮತ್ತು 19ನೆಯ ಶತಮಾನದ ಆರಂಭದವು. ಅದುವರೆಗೆ ಊರವರೆಲ್ಲ ಕೂಡಿ ಮೇಯಿಸುತ್ತಿದ್ದ ಗೋಮಾಳವನ್ನು ಆಗ ಸಂಸತ್ತಿನ ಕಾಯಿದೆಗಳ ಮೂಲಕ ಅಳೆದು ಖಾಸಗಿ ಪಾಲುಗಳಾಗಿ ಹಂಚಲಾಯಿತು. ಆ ನೇರ ಗೆರೆಗಳು ಕಣ್ಣಿಗೆ ಎಷ್ಟೇ ಚೆಂದವಾಗಿದ್ದರೂ, ಒಂದೆರಡು ಹಸುಗಳನ್ನು ಸಾಮೂಹಿಕ ಹುಲ್ಲುಗಾವಲಿನ ಬಲದಿಂದಲೇ ಸಾಕುತ್ತಿದ್ದ ಬಡವರಿಗೆ ಅವು ನಷ್ಟದ ಗುರುತುಗಳೂ ಆಗಿದ್ದವು ಎಂಬುದನ್ನು ನೆನಪಿನಲ್ಲಿಡಬೇಕು.

ಇದಕ್ಕೂ ಹಿಂದೆ ಇಲ್ಲಿನ ಭೂಮಿ ಧಾರ್ಮಿಕ ಮಠಗಳ ಕೈಯಲ್ಲಿತ್ತು. ಹಳ್ಳಿಯ ನಡುವಿನ ತೊರೆಯ ಪಶ್ಚಿಮ ಭಾಗ 1132ರಲ್ಲಿ ಸ್ಥಾಪನೆಯಾದ ಫೌಂಟನ್ಸ್ ಅಬ್ಬೆಗೆ, ಪೂರ್ವ ಭಾಗ ಬೋಲ್ಟನ್ ಪ್ರಯರಿಗೆ ಸೇರಿತ್ತು. ಇಲ್ಲಿನ ಎತ್ತರದ ಬಯಲಿನಲ್ಲಿ ಫೌಂಟನ್ಸ್‌ನ ಕುರಿಗಳು ಮೇಯುತ್ತಿದ್ದವು. ಆ ಮಠದ ಉಣ್ಣೆಯನ್ನು ಇಟಲಿಯ ವರ್ತಕರೂ ಕೊಳ್ಳುತ್ತಿದ್ದರು. 1539ರಲ್ಲಿ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಆ ಮಠ ಮುಚ್ಚಿತು.

ಕೋವ್‌ನ ನೆತ್ತಿಯ ಮೇಲೆ ನೆಲವೇ ಬೂದುಬಣ್ಣದ ಕಲ್ಲುಹಾಸಾಗುತ್ತದೆ. ಹಿಮನದಿಗಳು ಮಣ್ಣನ್ನು ಕೆರೆದೊಯ್ದ ಮೇಲೆ, ಮಳೆನೀರು ಸುಣ್ಣಕಲ್ಲಿನ ಸಂದುಗಳನ್ನು ಕರಗಿಸಿ ಆಳವಾದ ಸೀಳುಗಳನ್ನು ಮಾಡಿದೆ. ಹಾಸುಗಲ್ಲನ್ನು ಕ್ಲಿಂಟ್ ಎಂದೂ ಸೀಳನ್ನು ಗ್ರೈಕ್ ಎಂದೂ ಕರೆಯುತ್ತಾರೆ. ಕಾಲು ಸಿಕ್ಕಿಕೊಳ್ಳದಂತೆ ನಿಧಾನವಾಗಿ ನಡೆದು, ಒಂದು ಕಡೆ ಮಂಡಿಯೂರಿ ಸೀಳಿನೊಳಗೆ ಇಣುಕಿ ನೋಡಿ: ಮೇಲೆ ಗಾಳಿ ಮತ್ತು ಕುರಿಗಳಿಂದ ಉಳಿಯಲಾಗದ ಜರಿಗಿಡಗಳು ಒಳಗಿನ ತಂಪಿನಲ್ಲಿ ಬೆಳೆದಿರುತ್ತವೆ. ಒಂದು ಕಾಲದಲ್ಲಿ ಮನೆಯ ತೋಟಗಳನ್ನು ಅಲಂಕರಿಸಲು ಇಂತಹ ಕಲ್ಲುಗಳನ್ನು ಕಿತ್ತು ಮಾರುತ್ತಿದ್ದರು. 1981ರ ವನ್ಯಜೀವಿ ಕಾಯಿದೆ ಇವುಗಳಿಗೆ ರಕ್ಷಣೆ ತಂದಿತು. ಚೂರನ್ನೂ ಜೇಬಿಗೆ ಹಾಕಿಕೊಳ್ಳಬೇಡಿ.

ಇಲ್ಲಿಂದ ಉತ್ತರಕ್ಕೆ ವಾಟ್ಲೋಸ್ ಎಂಬ ಒಣಕಣಿವೆ ಚಾಚಿದೆ. ಶಕ್ತಿಯಿದ್ದರೆ ಅದರ ಗುಂಟ ಸುಮಾರು 2 ಕಿಲೋಮೀಟರ್ ಹೋಗಿ, ಟಾರ್ನ್‌ನಿಂದ ಬಂದ ತೊರೆ ಕಲ್ಲುಗಳ ನಡುವೆ ಇಂಗಿಹೋಗುವುದನ್ನು ಕಣ್ಣಾರೆ ಕಾಣಬಹುದು. ಟಾರ್ನ್ ನಿಂತಿರುವುದು ನೀರನ್ನು ಇಂಗಲು ಬಿಡದ ಸ್ಲೇಟ್ ಕಲ್ಲಿನ ಮೇಲೆ. ತೊರೆ ಸುಣ್ಣಕಲ್ಲನ್ನು ಮುಟ್ಟಿದಲ್ಲಿ ನೆಲ ಅದನ್ನು ಕುಡಿದುಬಿಡುತ್ತದೆ. ಹಿಮಯುಗದ ಕೊನೆಯಲ್ಲಿ ನೆಲ ಹೆಪ್ಪುಗಟ್ಟಿದ್ದಾಗ ಇಂಗಲು ದಾರಿಯಿಲ್ಲದ ನೀರು ಈ ಕಣಿವೆಯಲ್ಲೇ ಹರಿದು ಕೋವ್‌ನ ಅಂಚಿನಿಂದ ಧುಮುಕುತ್ತಿತ್ತು. 2015ರ ಡಿಸೆಂಬರ್ 6ರಂದು, ಡೆಸ್ಮಂಡ್ ಬಿರುಗಾಳಿಯ ಮಳೆಗೆ, ಆ ಜಲಪಾತ ಕೆಲವು ಗಂಟೆಗಳ ಕಾಲ ಮರಳಿ ಕಾಣಿಸಿಕೊಂಡಿತು.

ಪಶ್ಚಿಮದ ಬದಿಯಲ್ಲಿ ಸುಮಾರು 400 ಮೆಟ್ಟಿಲುಗಳನ್ನು ಇಳಿದರೆ 80 ಮೀಟರ್ ಎತ್ತರದ ಬಂಡೆಯ ಬುಡಕ್ಕೆ ಬರುತ್ತೀರಿ. ಬುಡದಿಂದ ತೊರೆಯೊಂದು ಸದ್ದಿಲ್ಲದೆ ಹೊರಬರುತ್ತದೆ. ಇದೇ ಟಾರ್ನ್‌ನ ನೀರು ಎಂದುಕೊಳ್ಳುವುದು ಸಹಜ, ಆದರೆ ನೀರಿಗೆ ಬಣ್ಣ ಬೆರೆಸಿ ನಡೆಸಿದ ಪರೀಕ್ಷೆಗಳು ಬೇರೆಯದನ್ನೇ ತೋರಿಸಿವೆ: ಇದು ಹಳೆಯ ಲೋಹ ಕರಗಿಸುವ ಗಿರಣಿಯೊಂದರ ಬಳಿ ಇಂಗಿದ ನೀರು.

ಸಂಜೆಗೆ ಇಲ್ಲಿರಬೇಕೆಂದು ಹೇಳಿದ ಕಾರಣ ಈಗ ಎದುರಿಗಿದೆ. ಹಳ್ಳಿಯ ಕಡೆಗೆ ನಡೆಯುವಾಗ ತೊರೆಯಾಚೆಯ ಇಳಿಜಾರನ್ನು ನೋಡಿ. ಸೂರ್ಯ ತಗ್ಗಿದಾಗ, ನಡುಹಗಲಿನಲ್ಲಿ ಬರಿಯ ಹುಲ್ಲಾಗಿ ಕಂಡ ಜಾಗದಲ್ಲಿ ಉದ್ದುದ್ದ ಮೆಟ್ಟಿಲುಗಳ ನೆರಳು ಮೂಡುತ್ತದೆ. ಅವು ಲಿಂಚೆಟ್‌ಗಳು, ಆಂಗ್ಲೋ-ಸ್ಯಾಕ್ಸನ್ ಕಾಲದಿಂದ ಧಾನ್ಯ ಬೆಳೆಯಲು ಉತ್ತು ಮಾಡಿದ ಮೆಟ್ಟಿಲು ಹೊಲಗಳು. ಇಂದು ಕುರಿಗಳಷ್ಟೇ ಇರುವ ಈ ಇಳಿಜಾರಿನಲ್ಲಿ ಒಮ್ಮೆ ನೇಗಿಲು ಓಡಿತ್ತು. ಅದರ ಮೇಲೆಯೇ ನಂತರದವರ ಗೋಡೆ ಹಾದುಹೋಗಿದೆ.

ಹಳ್ಳಿ ತಲುಪಿದ ಮೇಲೆ ನಿಲ್ಲಬೇಡಿ. ದಕ್ಷಿಣಕ್ಕೆ ಹೊಲಗಳ ನಡುವೆ ಇನ್ನೂ ಸ್ವಲ್ಪ ದೂರ ಹೋದರೆ ಏರ್ ಹೆಡ್ ಎಂಬ ಬುಗ್ಗೆಗಳಿವೆ. ಹುಲ್ಲಿನ ಅಂಚಿನಲ್ಲಿ ನೀರು ಸುಮ್ಮನೆ ಉಕ್ಕುತ್ತಿರುತ್ತದೆ. ನೋಡಲು ಜನರೂ ಇರುವುದಿಲ್ಲ. ಬೆಳಗ್ಗೆ ನಕ್ಷೆಯಲ್ಲಿ ಮಾಯವಾದ ಟಾರ್ನ್‌ನ ತೊರೆ ಇಲ್ಲಿ ಮೇಲೆದ್ದಿದೆ, ಕೋವ್‌ನಿಂದ ಬಂದ ತೊರೆಯನ್ನು ಕೂಡಿಕೊಂಡು ಏರ್ ನದಿಯಾಗಿ ಲೀಡ್ಸ್ ಕಡೆಗೆ ಹೊರಡುತ್ತದೆ.